ಕಿಡ್ನಿ ಕಸಿಯಾದವರಿಗೆ ಮಿದುಳಿನ ಫಂಗಸ್: ಬೆನ್ನಿನ ನೀರು ತೆಗೆಸಲು ಹೆದರಬೇಕಾ?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ನಾಲ್ಕು ವರ್ಷದ ಹಿಂದೆ ಕಿಡ್ನಿ ಕಸಿ ಆಗಿದೆ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಿಲ್ಲ. ತಿಂಗಳಿಂದ ತಲೆನೋವು ಅನ್ನುತ್ತಿದ್ದರು. ಸೈನಸ್ ಇರಬೇಕು ಅಂದರು, ಆಮೇಲೆ ಕನ್ನಡಕ ಬದಲಿಸಿ ಅಂದರು. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂತು. ಈಗ ಒಂದು ವಾರದಿಂದ ಎದುರಿಗಿರುವುದು ಎರಡೆರಡಾಗಿ ಕಾಣುತ್ತಿದೆ, ಮಾತಾಡುತ್ತಾ ಮಾತಾಡುತ್ತಾ ಮಂಪರಿಗೆ ಜಾರುತ್ತಾರೆ. ರಕ್ತದಲ್ಲಿ 'ಕ್ರಿಪ್ಟೊಕಾಕಲ್ ಆ್ಯಂಟಿಜೆನ್ ಪಾಸಿಟಿವ್' ಬಂದಿದೆ. ಆಸ್ಪತ್ರೆಗೆ ಸೇರಿಸಿದ್ದೇವೆ. ಬೆನ್ನಿನಿಂದ ನೀರು ತೆಗೆಯಬೇಕು, ಬೇಕಾದರೆ ದಿನಾ ತೆಗೆಯಬೇಕು ಅನ್ನುತ್ತಾರೆ. ಕಾಲು ಬಿದ್ದುಹೋಗುತ್ತೆ ಅಂತ ಅಮ್ಮ ಒಪ್ಪುತ್ತಿಲ್ಲ. ಕಸಿಯ ಮಾತ್ರೆಗಳಿಂದಲೇ ಹೀಗಾಯಿತು, ಅವನ್ನು ನಿಲ್ಲಿಸಿಬಿಡಿ ಅಂತ ನೆಂಟರು ಹೇಳುತ್ತಾರೆ. ಇದು ಬ್ಲ್ಯಾಕ್ ಫಂಗಸ್ಸಾ? ಒಂದೇ ಡೋಸ್ ಇಂಜೆಕ್ಷನ್ ಸಾಕು ಅಂತ ಓದಿದೆ, ಇವರು ಎರಡು ವಾರ ಅನ್ನುತ್ತಾರೆ, ಯಾಕೆ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅವರಿಗೂ ಹರಡುತ್ತಾ?

ಉತ್ತರ: ನೀವು ಇದನ್ನು ಓದುವ ಹೊತ್ತಿಗೆ ಬೆನ್ನಿನ ನೀರು ಇನ್ನೂ ತೆಗೆಸಿಲ್ಲ ಅಂದರೆ ಇವತ್ತೇ ಒಪ್ಪಿಗೆ ಕೊಡಿ. ಮಿಕ್ಕಿದ್ದನ್ನು ಆಮೇಲೆ ಓದಿದರಾಯಿತು.

ನೀವು ಕೇಳಿರುವ ಪ್ರಶ್ನೆಗಳು ಐದಾರಿದ್ದರೂ ಅವುಗಳ ಹಿಂದಿರುವ ಭಯ ಎರಡೇ. ಸೂಜಿಯಿಂದ ಕಾಲು ಹೋಗುತ್ತಾ? ಮಿದುಳು ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳುತ್ತೇವಾ? ಎರಡೂ ನ್ಯಾಯವಾದ ಭಯಗಳೇ. ಆದರೆ ಈ ಫಂಗಸ್ ತಲೆಯೊಳಗೆ ಏನು ಮಾಡುತ್ತದೆ ಅಂತ ಗೊತ್ತಾದರೆ, ಯಾವುದಕ್ಕೆ ಎಷ್ಟು ಹೆದರಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಕ್ರಿಪ್ಟೊಕಾಕಸ್ ಒಂದು ಬಗೆಯ ಯೀಸ್ಟ್. ಮಣ್ಣಿನಲ್ಲಿ, ಮರದ ಪೊಟರೆಯಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ. ಗಾಳಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲೇ ಇದನ್ನು ಉಸಿರಾಡಿರುತ್ತೇವೆ, ಗೊತ್ತೇ ಆಗಿರುವುದಿಲ್ಲ. ಆರೋಗ್ಯವಾಗಿರುವ ದೇಹ ಅದನ್ನು ಕೊಂದು ಹಾಕುತ್ತದೆ, ಇಲ್ಲವಾದರೆ ಒಂದು ಮೂಲೆಯಲ್ಲಿ ಕಟ್ಟಿಹಾಕುತ್ತದೆ. ಈ ಕಾವಲು ಮುಖ್ಯವಾಗಿ ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳದ್ದು. ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ ನಿಮ್ಮ ತಂದೆ ತೆಗೆದುಕೊಳ್ಳುವ ಮಾತ್ರೆಗಳು ತಗ್ಗಿಸುವುದೂ ಇದೇ ಟಿ ಕಣಗಳನ್ನು. ಎಚ್‌ಐವಿಯಲ್ಲಿ ಸಾಯುವುದೂ ಇವೇ. ಕಾವಲು ಸಡಿಲವಾದಾಗ ಫಂಗಸ್ ರಕ್ತಕ್ಕೆ ಇಳಿದು ಮಿದುಳಿಗೆ ಹೋಗುತ್ತದೆ. ಮಿದುಳಿನ ರಕ್ತನಾಳದ ಗೋಡೆ ಬಹಳ ಬಿಗಿ, ಸುಲಭಕ್ಕೆ ಯಾವುದನ್ನೂ ಒಳಗೆ ಬಿಡುವುದಿಲ್ಲ. ಈ ಯೀಸ್ಟ್ ಆ ಗೋಡೆಯ ಕಣಗಳನ್ನೇ ತೂರಿಕೊಂಡು ಹೋಗಬಲ್ಲದು. ತನ್ನನ್ನು ನುಂಗಿದ ರಕ್ಷಣಾ ಕಣದ ಹೊಟ್ಟೆಯಲ್ಲೇ ಸಾಯದೆ ಕುಳಿತು, ಅದರ ಜೊತೆಗೇ ಒಳಗೆ ಹೋಗುವುದೂ ಉಂಟು.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಅದರ ಹೊದಿಕೆ. ಬೆನ್ನಿನ ನೀರಿನ ಒಂದು ಹನಿಗೆ ಒಂದು ಹನಿ ಇಂಡಿಯಾ ಇಂಕ್ ಸೇರಿಸಿ ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಸುತ್ತಲೂ ಕಪ್ಪು, ನಡುವೆ ದುಂಡನೆಯ ಕಣ. ಆ ಕಣದ ಸುತ್ತ ಶಾಯಿ ಒಳಗೆ ಬರಲಾಗದ ಅಗಲವಾದ ಬಿಳಿ ಬಳೆ. ಆ ಬಳೆಯೇ ಹೊದಿಕೆ, ಅಂಟಂಟಾದ ಸಕ್ಕರೆಯ ಸರಪಳಿಗಳಿಂದ ಆದದ್ದು. ಎಷ್ಟೋ ಸಲ ಹೊದಿಕೆ ಕಣಕ್ಕಿಂತ ದಪ್ಪ ಇರುತ್ತದೆ. ಇದು ಕಣದಿಂದ ಕಳಚಿ ನೀರಿನಲ್ಲಿ ತೇಲುತ್ತಲೂ ಇರುತ್ತದೆ. ನಿಮ್ಮ ತಂದೆಯ ರಕ್ತದಲ್ಲಿ ಸಿಕ್ಕ 'ಆ್ಯಂಟಿಜೆನ್' ಅಂದರೆ ಈ ಹೊದಿಕೆಯ ಚೂರು. ಈಗ ಹತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ ಪಟ್ಟಿಗಳು ಬಂದಿವೆ, ನಂಬಬಹುದಾದ ಪರೀಕ್ಷೆ.

ತೊಂದರೆ ಶುರುವಾಗುವುದೂ ಈ ಹೊದಿಕೆಯಿಂದಲೇ. ದೊಡ್ಡವರ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್ ನೀರಿರುತ್ತದೆ. ದಿನಕ್ಕೆ ತಯಾರಾಗುವುದು ಸುಮಾರು 500 ಮಿಲಿಲೀಟರ್. ಅಂದರೆ ಬಂದಷ್ಟೂ ನೀರು ಮತ್ತೆ ರಕ್ತಕ್ಕೆ ಇಳಿದು ಹೋಗುತ್ತಲೇ ಇರಬೇಕು. ಬಚ್ಚಲ ತೂಬಿಗೆ ಜಿಡ್ಡು ಕಟ್ಟಿಕೊಂಡ ಹಾಗೆ, ನೀರು ಇಳಿಯುವ ಸಣ್ಣ ದಾರಿಗಳಲ್ಲಿ ಫಂಗಸ್ ಮತ್ತು ಅದರ ಅಂಟು ತುಂಬಿಕೊಳ್ಳುತ್ತದೆ. ಒಳಗೆ ಒತ್ತಡ ಏರುತ್ತದೆ. ಕಣ್ಣನ್ನು ಹೊರಗಡೆಗೆ ತಿರುಗಿಸುವ ಒಂದು ನರವಿದೆ. ತಲೆಬುರುಡೆಯೊಳಗೆ ಅದು ಉದ್ದಕ್ಕೆ ಸಾಗುವುದರಿಂದ ಒತ್ತಡಕ್ಕೆ ಬೇಗ ಸೋಲುತ್ತದೆ. ನಿಮ್ಮ ತಂದೆಗೆ ಎರಡೆರಡು ಕಾಣುತ್ತಿರುವುದು ಹೆಚ್ಚಾಗಿ ಇದರಿಂದಲೇ. ಕನ್ನಡಕ ಬದಲಿಸಿ ಅಂದವರನ್ನು ಬೈಯಬೇಡಿ. ಶುರುವಿನಲ್ಲಿ ಈ ಕಾಯಿಲೆ ಹೀಗೇ, ಸುಮ್ನೆ ಒಂದು ತಲೆನೋವು. ಜ್ವರ ಇದ್ದರೂ ಅಷ್ಟಕ್ಕಷ್ಟೇ. ಕುತ್ತಿಗೆ ಬಿಗಿಯುವುದು ಅರ್ಧಕ್ಕರ್ಧ ಜನರಲ್ಲಿ ಇರುವುದೇ ಇಲ್ಲ. ಜ್ವರ, ಬಿಗಿತ ಇವೆಲ್ಲ ದೇಹ ತಿರುಗಿ ಹೋರಾಡುವ ಗುರುತು. ಹೋರಾಟವನ್ನೇ ಮಾತ್ರೆಯಿಂದ ತಗ್ಗಿಸಿರುವಾಗ ಗುರುತು ಎಲ್ಲಿಂದ ಬರಬೇಕು? ಸಿ.ಟಿ. ಸ್ಕ್ಯಾನ್ ನಾರ್ಮಲ್ ಬರುವುದೂ ಮಾಮೂಲು. ಸ್ಕ್ಯಾನ್ ಗಡ್ಡೆ, ರಕ್ತಸ್ರಾವ ತೋರಿಸುತ್ತದೆ, ಒತ್ತಡವನ್ನು ಅಳೆಯುವುದಿಲ್ಲ.

ಅದನ್ನು ಅಳೆಯುವುದು ಬೆನ್ನಿನ ಸೂಜಿಯಿಂದ.

ಅಮ್ಮನಿಗೆ ಹೀಗೆ ಹೇಳಿ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಅಂದರೆ ಮೊದಲ ಅಥವಾ ಎರಡನೆಯ ಸೊಂಟದ ಮೂಳೆಯ ಹತ್ತಿರ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಮೂರು ಮತ್ತು ನಾಲ್ಕನೆಯ ಮೂಳೆಯ ನಡುವೆ, ಇಲ್ಲವೇ ನಾಲ್ಕು ಮತ್ತು ಐದರ ನಡುವೆ. ಅಲ್ಲಿ ಹುರಿ ಇಲ್ಲ. ನೀರಿನಲ್ಲಿ ತೇಲುವ ನರದ ಎಳೆಗಳಿವೆ, ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಒಂದು ಎಳೆ ತಾಕಿದರೆ ಕಾಲಿಗೆ ಕ್ಷಣ ಝುಂ ಅನ್ನಬಹುದು, ಅಷ್ಟೇ. 'ಬೆನ್ನಿಗೆ ಸೂಜಿ ಹಾಕಿದ ಮೇಲೆ ಹಾಸಿಗೆ ಹಿಡಿದರು' ಅನ್ನುವ ಕತೆಗಳನ್ನು ನಾನೂ ಬಹಳ ಕೇಳಿದ್ದೇನೆ. ಕೆದಕಿ ನೋಡಿದರೆ ಹೆಚ್ಚಿನವರಲ್ಲಿ ಸೂಜಿಗೆ ಮೊದಲೇ ಕಾಯಿಲೆ ಬಹಳ ಮುಂದೆ ಹೋಗಿರುತ್ತದೆ. ಮನೆಯವರು ದಿನಗಟ್ಟಲೆ ಒಪ್ಪದೆ, ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಒಪ್ಪಿರುತ್ತಾರೆ. ಆಮೇಲೆ ಆಗಿದ್ದಕ್ಕೆಲ್ಲ ಸೂಜಿಯ ಮೇಲೆ ತಪ್ಪು ಬರುತ್ತದೆ.

ಅಪಾಯವೇ ಇಲ್ಲ ಅಂತ ಅಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಒಳಗೆ ರಕ್ತ ಕಟ್ಟಿಕೊಂಡು ನರ ಒತ್ತಬಹುದು. ಹಾಗಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ಯಾವ ಮಾತ್ರೆ ನಡೆಯುತ್ತಿದ್ದರೂ ಮೊದಲೇ ಹೇಳಿ. ಮಿದುಳಿನಲ್ಲಿ ದೊಡ್ಡ ಗಡ್ಡೆಯೋ ಕೀವಿನ ಗೂಡೋ ಇದ್ದರೆ ಕೆಳಗಿನಿಂದ ನೀರು ತೆಗೆಯುವುದು ಅಪಾಯ. ಸ್ಕ್ಯಾನ್ ಮೊದಲು ಮಾಡಿಸಿದ್ದು ಅದಕ್ಕೇ. ನಿಮ್ಮ ತಂದೆಯದು ನಾರ್ಮಲ್ ಇದೆ. ಸೂಜಿ ಹಾಕಿದ ಮೇಲೆ ಒಂದೆರಡು ದಿನ ಕೂತರೆ ತಲೆನೋವು, ಮಲಗಿದರೆ ಕಡಿಮೆ ಅನ್ನುವ ಥರ ಆಗಬಹುದು, ಅದು ತಾನಾಗಿ ಹೋಗುತ್ತದೆ.

ಇನ್ನು ದಿನಾ ಯಾಕೆ ಅನ್ನುವುದು. ಸಾಮಾನ್ಯವಾಗಿ ಈ ಒತ್ತಡ 20 ಸೆಂಟಿಮೀಟರ್ ನೀರಿನ ಎತ್ತರದೊಳಗೆ ಇರುತ್ತದೆ. 25 ದಾಟಿದ್ದು ತಲೆನೋವು, ಮಂಪರು ಇದ್ದರೆ ನೀರು ತೆಗೆದು ಇಳಿಸಬೇಕು, ಸಾಮಾನ್ಯವಾಗಿ ಒಂದು ಸಲಕ್ಕೆ 20ರಿಂದ 30 ಮಿಲಿಲೀಟರ್. ಔಷಧ ಫಂಗಸ್ಸನ್ನು ಕೊಲ್ಲಲು ದಿನಗಳು ಬೇಕು, ಅಲ್ಲಿಯವರೆಗೆ ಒತ್ತಡ ಕಾಯುವುದಿಲ್ಲ. ಈ ಕಾಯಿಲೆಯಲ್ಲಿ ಸೂಜಿ ಬರೀ ಪರೀಕ್ಷೆಯಲ್ಲ, ಅರ್ಧ ಚಿಕಿತ್ಸೆ. ಮಂಪರಿನಲ್ಲಿ ಮುದುರಿಕೊಂಡಿದ್ದವರು ನೀರು ತೆಗೆದ ಸ್ವಲ್ಪ ಹೊತ್ತಿಗೆ ಕಣ್ಣುಬಿಟ್ಟು 'ತಲೆ ಹಗುರಾಯ್ತು' ಅಂದದ್ದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮಾರನೆಯ ದಿನ ಮತ್ತೆ ಭಾರವಾಗುತ್ತದೆ, ಮತ್ತೆ ತೆಗೆಯಬೇಕು. ಒತ್ತಡ ಒಂದು ಹದಕ್ಕೆ ಬಂದು ನಿಲ್ಲುವವರೆಗೆ ಇದೇ ಕೆಲಸ. ದಿನ ಕಳೆದರೂ ಇಳಿಯದಿದ್ದರೆ ಸೊಂಟದಲ್ಲಿ ತಾತ್ಕಾಲಿಕ ನಳಿಕೆ ಇಡುತ್ತಾರೆ, ಇಲ್ಲವೇ ಮಿದುಳಿನಿಂದ ಹೊಟ್ಟೆಗೆ ನೀರು ಹರಿಸುವ ನಳಿಕೆ (ಶಂಟ್) ಹಾಕುತ್ತಾರೆ. ಒತ್ತಡ ಇಳಿಸಲು ಬೇರೆ ಕಾಯಿಲೆಗಳಲ್ಲಿ ಕೊಡುವ ಮ್ಯಾನಿಟಾಲ್, ಅಸೆಟಜೋಲಮೈಡ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. 'ಸೂಜಿ ಬೇಡ, ಔಷಧದಲ್ಲೇ ಇಳಿಸಿ' ಅಂತ ಕೇಳುವವರಿಗೆ ನನ್ನ ಹತ್ತಿರ ಬೇರೆ ಉತ್ತರ ಇಲ್ಲ.

ಎರಡು ಕಾಣುವುದು ಒತ್ತಡ ಇಳಿದ ಮೇಲೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುವ ಸಾಧ್ಯತೆ ಚೆನ್ನಾಗಿದೆ. ನೋಟವೇ ಮಸುಕಾಗತೊಡಗಿದರೆ ಮಾತು ಬೇರೆ. ದೃಷ್ಟಿಯ ನರ ಒಮ್ಮೆ ಕೆಟ್ಟರೆ ವಾಪಸ್ ಬರುತ್ತದೆ ಅಂತ ಭರವಸೆ ಕೊಡಲಾಗುವುದಿಲ್ಲ. ಸೂಜಿಗೆ ತಡ ಮಾಡಬೇಡಿ ಅಂತ ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ಕಸಿಯ ಮಾತ್ರೆ ನಿಲ್ಲಿಸಿಬಿಡೋಣ ಅನ್ನುವ ಮಾತಿಗೆ ಬರುತ್ತೇನೆ. ನೆಂಟರ ಲೆಕ್ಕ ಪೂರ್ತಿ ತಪ್ಪಲ್ಲ. ಮಾತ್ರೆಗಳಿಂದ ಕಾವಲು ತಗ್ಗಿದೆ, ನಿಜ. ಆದರೆ ಒಮ್ಮೆಲೇ ನಿಲ್ಲಿಸಿದರೆ ಎರಡು ಕೆಡುಕು. ಒಂದು, ಕಿಡ್ನಿ ತಿರಸ್ಕಾರ. ಇನ್ನೊಂದು ಅಷ್ಟಾಗಿ ಯಾರಿಗೂ ಗೊತ್ತಿಲ್ಲದ್ದು. ಇಷ್ಟು ದಿನ ಮಲಗಿದ್ದ ರಕ್ಷಣಾ ಶಕ್ತಿ ದಿಢೀರನೆ ಎದ್ದು, ಮಿದುಳಿನಲ್ಲಿ ಸತ್ತು ಬಿದ್ದಿರುವ ಫಂಗಸ್ಸಿನ ಮೇಲೂ ಮುಗಿಬೀಳುತ್ತದೆ. ಊತ ಹೆಚ್ಚುತ್ತದೆ, ಜ್ವರ ತಲೆನೋವು ವಾಪಸ್ ಬರುತ್ತದೆ, ಜೀವಕ್ಕೂ ಅಪಾಯ. ಎಚ್‌ಐವಿ ಇರುವವರಲ್ಲಿ ಇದನ್ನು ಸ್ಪಷ್ಟವಾಗಿ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ರಿಪ್ಟೊಕಾಕಸ್ಸಿನ ಮೆನಿಂಜೈಟಿಸ್ (ಮಿದುಳಿನ ಸುತ್ತಲ ಪೊರೆಯ ಸೋಂಕು) ಪತ್ತೆಯಾದ ಒಂದೆರಡು ವಾರದಲ್ಲೇ ಎಚ್‌ಐವಿ ಔಷಧ ಶುರು ಮಾಡಿದವರಲ್ಲಿ, ಐದು ವಾರ ಕಾದು ಶುರು ಮಾಡಿದವರಿಗಿಂತ ಸಾವು ಜಾಸ್ತಿ ಆಯಿತು. ಅದಕ್ಕೇ ಈಗ ನಾಲ್ಕರಿಂದ ಆರು ವಾರ ಕಾಯುತ್ತಾರೆ. ಕಸಿ ಆದವರಲ್ಲೂ ಅದೇ ಎಚ್ಚರ: ಕಡಿಮೆ ಮಾಡಬೇಕು, ಆದರೆ ಹಂತ ಹಂತವಾಗಿ, ಒಂದು ಸಲಕ್ಕೆ ಒಂದನ್ನು. ಯಾವುದನ್ನು ಮೊದಲು ಇಳಿಸಬೇಕು ಅನ್ನುವುದನ್ನು ಕಿಡ್ನಿ ಡಾಕ್ಟರೂ ಸೋಂಕಿನ ಡಾಕ್ಟರೂ ಕೂತು ಮಾತಾಡಿ ತೀರ್ಮಾನಿಸಬೇಕು. ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು ಬೇರೆ ಬೇರೆ ಚೀಟಿ ಬರೆದು ಹೋಗುತ್ತಿದ್ದರೆ, 'ಇದರ ಬಗ್ಗೆ ನೀವಿಬ್ಬರೂ ಮಾತಾಡಿದ್ದೀರಾ?' ಅಂತ ನೇರವಾಗಿ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪ್ರೆಡ್ನಿಸೊಲೋನನ್ನಂತೂ ನೀವಾಗಿ ಒಂದು ದಿನವೂ ತಪ್ಪಿಸಬೇಡಿ. ವರ್ಷಗಟ್ಟಲೆ ತೆಗೆದುಕೊಂಡವರ ದೇಹ ಅದಿಲ್ಲದೆ ರಕ್ತದೊತ್ತಡವನ್ನೇ ಹಿಡಿದುಕೊಳ್ಳಲಾರದು.

ಕಾಯಿಲೆಯ ಸುದ್ದಿ ಕೇಳಿ ಯಾರಾದರೂ ಇಮ್ಯೂನಿಟಿ ಹೆಚ್ಚಿಸುವ ಪುಡಿ, ಕಷಾಯ ತಂದುಕೊಟ್ಟರೆ ಪಕ್ಕಕ್ಕಿಡಿ. ಕೆಲವು ಗಿಡಮೂಲಿಕೆಗಳು ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ಏರುಪೇರು ಮಾಡುತ್ತವೆ.

ಈಗ ಔಷಧ. ಒಂದೇ ಡೋಸ್ ಅಂತ ನೀವು ಓದಿದ್ದು ಸುಳ್ಳಲ್ಲ. ಬೋಟ್ಸ್ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡಾ, ಜಿಂಬಾಬ್ವೆ ಈ ಐದು ದೇಶಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅದು. ಲೈಪೊಸೋಮಲ್ ಆಂಫೊಟೆರಿಸಿನ್ (ಫಂಗಸ್ ಕೊಲ್ಲುವ ಔಷಧವನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ್ದು) ಇಂಜೆಕ್ಷನ್ನನ್ನು ಕೆ.ಜಿ. ತೂಕಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ ಒಂದೇ ಸಲ ಕೊಟ್ಟು, ಜೊತೆಗೆ ಎರಡು ವಾರ ಫ್ಲೂಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆ ಕೊಟ್ಟರು. ಫಲಿತಾಂಶ ಹಳೆಯ ಪದ್ಧತಿಗಿಂತ ಕಡಿಮೆಯೇನೂ ಆಗಲಿಲ್ಲ, ಅಡ್ಡ ಪರಿಣಾಮವೂ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಅದನ್ನು ಶಿಫಾರಸು ಮಾಡಿತು. ಆದರೆ ಅದರಲ್ಲಿದ್ದವರೆಲ್ಲ ಎಚ್‌ಐವಿ ಇದ್ದವರು. ಕಸಿ ಆದವರ ಮೇಲೆ ಹಾಗೆ ಪರೀಕ್ಷೆ ಮಾಡಿರಲಿಲ್ಲ. ಅದಕ್ಕೇ ನಿಮ್ಮ ಡಾಕ್ಟರು ಕನಿಷ್ಠ ಎರಡು ವಾರ ದಿನಾ ಇಂಜೆಕ್ಷನ್, ಜೊತೆಗೆ ಫ್ಲೂಸೈಟೊಸಿನ್ ಅನ್ನುತ್ತಿದ್ದಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಂಫೊಟೆರಿಸಿನ್ ಒರಟು ಔಷಧ. ಡ್ರಿಪ್ ಹೋಗುವಾಗ ಚಳಿ, ನಡುಕ, ಜ್ವರ ಬರಬಹುದು, ಗಾಬರಿಯಾಗಬೇಡಿ, ನರ್ಸಿಗೆ ಹೇಳಿ. ಇದರ ಮುಖ್ಯ ಪೆಟ್ಟು ಕಿಡ್ನಿಗೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಮೂತ್ರದಲ್ಲಿ ಹರಿದುಹೋಗುತ್ತವೆ, ಕಿಡ್ನಿ ಹೊರಹಾಕಬೇಕಾದ ಕ್ರಿಯೇಟಿನಿನ್ ಅನ್ನುವ ಕಸ ರಕ್ತದಲ್ಲಿ ಏರುತ್ತದೆ. ಮಾಮೂಲಿ ಆಂಫೊಟೆರಿಸಿನ್ನಿಗೆ ಹೋಲಿಸಿದರೆ ಲೈಪೊಸೋಮಲ್ ರೂಪ ಬಹಳ ಸೌಮ್ಯ. ಕಸಿಯಾದ ಕಿಡ್ನಿ ಇರುವವರಿಗೆ ಸಾಧ್ಯವಾದಷ್ಟೂ ಇದನ್ನೇ ಕೊಡಬೇಕು, ಅಲ್ಲಿ ರಾಜಿ ಬೇಡ. ಫ್ಲೂಸೈಟೊಸಿನ್ ಮೂತ್ರದಲ್ಲೇ ಹೊರಹೋಗುವ ಔಷಧ, ಕಿಡ್ನಿ ಮಂದವಾದರೆ ರಕ್ತದಲ್ಲಿ ಏರಿ ಮೂಳೆಮಜ್ಜೆಯನ್ನು ಕುಗ್ಗಿಸುತ್ತದೆ. ಪದೇ ಪದೇ ರಕ್ತ ಪರೀಕ್ಷೆ ಯಾಕೆ ಅಂತ ಬೇಸರಪಡಬೇಡಿ, ಡೋಸ್ ಕೂಡಿಸಿ ಕಳೆಯುವುದು ಅದರ ಮೇಲೆಯೇ. ಇಂಜೆಕ್ಷನ್ ಬೇಡ, ಬರೀ ಫ್ಲುಕೊನಜೋಲ್ ಮಾತ್ರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲದು. ಅದು ಮಿದುಳಿಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಫಂಗಸ್ಸನ್ನು ಕೊಲ್ಲುವುದಕ್ಕಿಂತ ಬೆಳೆಯದಂತೆ ತಡೆಯುವುದೇ ಜಾಸ್ತಿ. ಮೊದಲ ವಾರಗಳಲ್ಲಿ ಕೊಲ್ಲುವ ಔಷಧವೇ ಬೇಕು.

ಹುಷಾರಾಗುತ್ತಾರಾ ಅಂತ ನೀವು ಬಾಯಿಬಿಟ್ಟು ಕೇಳಿಲ್ಲ, ಆದರೂ ಹೇಳಬೇಕು. ಇದು ಸಣ್ಣ ಕಾಯಿಲೆ ಅಲ್ಲ. ಆ ಐದು ದೇಶಗಳ ಅಧ್ಯಯನದಲ್ಲಿ ಒಳ್ಳೆಯ ಚಿಕಿತ್ಸೆ ಸಿಕ್ಕವರಲ್ಲೂ ಹತ್ತು ವಾರದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರು ತೀರಿಕೊಂಡರು. ಅವರಲ್ಲಿ ಅನೇಕರ ಎಚ್‌ಐವಿ ಬಹಳ ಮುಂದುವರಿದಿತ್ತು, ಹಾಗಾಗಿ ಆ ಅಂಕಿಯನ್ನು ನೇರವಾಗಿ ನಿಮ್ಮ ತಂದೆಗೆ ಹೊಂದಿಸಬೇಡಿ. ಮೊದಲ ದಿನ ಪ್ರಜ್ಞೆ ಹೇಗಿದೆ, ಒತ್ತಡ ಎಷ್ಟಿದೆ, ಫಂಗಸ್ ಎಷ್ಟಿದೆ, ಇವುಗಳ ಮೇಲೆ ಬಹಳಷ್ಟು ನಿಂತಿದೆ. ಮಂಪರಿದ್ದರೂ ಮಾತಾಡುತ್ತಿದ್ದಾರೆ ಅನ್ನುವುದು ನನಗೆ ಸಮಾಧಾನ ಕೊಡುವ ವಿಷಯ.

ಇದು ಬ್ಲ್ಯಾಕ್ ಫಂಗಸ್ ಅಲ್ಲ. 2021ರಲ್ಲಿ ಕೋವಿಡ್ ಜೊತೆ ಎಲ್ಲರ ಬಾಯಲ್ಲಿದ್ದದ್ದು ಮ್ಯೂಕರ್. ಅದರ ದಾರಿಯೇ ಬೇರೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರು, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರು ಇವರ ಮೂಗು, ಸೈನಸ್ಸಿನಿಂದ ಶುರುವಾಗಿ ಕಣ್ಣಿನ ಗೂಡು ದಾಟಿ ಮಿದುಳಿಗೆ ಏರುತ್ತದೆ. ರಕ್ತನಾಳಗಳಿಗೆ ನುಗ್ಗಿ ಕಟ್ಟಿಹಾಕುತ್ತದೆ, ರಕ್ತ ಸಿಗದ ಮಾಂಸ ಸತ್ತು ಕಪ್ಪಾಗುತ್ತದೆ. ಅಲ್ಲಿ ಔಷಧದ ಜೊತೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು, ಗಂಟೆಗಳ ಲೆಕ್ಕದಲ್ಲಿ. ಆಸ್ಪರ್ಜಿಲಸ್ ಅನ್ನುವ ಇನ್ನೊಂದು ಬೂಷ್ಟು ಶ್ವಾಸಕೋಶದಿಂದಲೋ ಸೈನಸ್ಸಿನಿಂದಲೋ ಹೋಗಿ ಮಿದುಳಿನಲ್ಲಿ ಗೂಡು ಕಟ್ಟುತ್ತದೆ, ಫಿಟ್ಸ್, ಪಾರ್ಶ್ವವಾಯುವಿನ ಹಾಗೆ ತೋರಿಸಿಕೊಳ್ಳುತ್ತದೆ. ಅದಕ್ಕೆ ವೊರಿಕೊನಜೋಲ್. ಕೆಲವು ರಕ್ತದ ಕ್ಯಾನ್ಸರಿಗೆ ಕೊಡುವ ಇಬ್ರುಟಿನಿಬ್ ತೆಗೆದುಕೊಳ್ಳುವವರಲ್ಲಿ ಇದು ಮಿದುಳಿಗೆ ಹೋದದ್ದನ್ನು ಡಾಕ್ಟರುಗಳು ವರದಿ ಮಾಡಿದ್ದಾರೆ. ಎಲ್ಲವೂ 'ಮಿದುಳಿನ ಫಂಗಸ್ಸೇ', ಆದರೆ ಒಂದರ ಚಿಕಿತ್ಸೆ ಇನ್ನೊಂದಕ್ಕೆ ಹಾಗೇ ಒಪ್ಪುವುದಿಲ್ಲ. ಫ್ಲುಕೊನಜೋಲ್ ಮ್ಯೂಕರನ್ನು ಮುಟ್ಟುವುದೂ ಇಲ್ಲ. ಯಾವ ಫಂಗಸ್ ಅಂತ ಗಟ್ಟಿ ಮಾಡಿಕೊಳ್ಳುವುದು ಅದಕ್ಕೇ ಇಷ್ಟು ಮುಖ್ಯ. ಕ್ರಿಪ್ಟೊಕಾಕಸ್ಸನ್ನು ಟಿ.ಬಿ. ಮೆನಿಂಜೈಟಿಸ್ ಅಂದುಕೊಂಡು ವಾರಗಟ್ಟಲೆ ಟಿ.ಬಿ. ಮಾತ್ರೆ ಕೊಡುವುದೂ ನಡೆಯುತ್ತದೆ, ಎರಡರಲ್ಲೂ ಬೆನ್ನಿನ ನೀರಿನ ಸಕ್ಕರೆ, ಪ್ರೋಟೀನು ಒಂದೇ ಥರ ಕಾಣುತ್ತವೆ. ನಿಮ್ಮವರಿಗೆ ಆ್ಯಂಟಿಜೆನ್ ಪರೀಕ್ಷೆ ಮಾಡಿಸಬೇಕು ಅಂತ ಯಾರಿಗೋ ಹೊಳೆದದ್ದು ಒಳ್ಳೆಯದಾಯಿತು.

ಮಕ್ಕಳ ವಿಷಯಕ್ಕೆ ಚಿಂತೆ ಬೇಡ. ಇದು ಕೆಮ್ಮಿನಿಂದ, ಮುಟ್ಟುವುದರಿಂದ, ಒಂದೇ ತಟ್ಟೆಯಿಂದ ಹರಡುವುದಿಲ್ಲ. ತಾತನ ಪಕ್ಕ ಕೂರಲಿ. ಚರ್ಮದ ಹುಳುಕಡ್ಡಿ ಮಿದುಳಿಗೆ ಏರುತ್ತದೆ ಅನ್ನುವ ಭಯವೂ ಬೇಡ, ಅದು ಬೇರೆಯೇ ಫಂಗಸ್. ಪಾರಿವಾಳವನ್ನು ಓಡಿಸಿದರೆ ಕಾಯಿಲೆ ವಾಸಿಯಾಗುವುದಿಲ್ಲ, ಫಂಗಸ್ ಯಾವತ್ತೋ ಒಳಗೆ ಹೋಗಿರಬಹುದು. ಆದರೂ ಹಿಕ್ಕೆ ಬಿದ್ದ ಜಾಗವನ್ನು ನಿಮ್ಮ ತಂದೆ ಗುಡಿಸಬಾರದು. ಬೇರೆಯವರು ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಧೂಳೇಳದ ಹಾಗೆ ಒರೆಸಲಿ.

ಇಂಜೆಕ್ಷನ್ನಿನ ಘಟ್ಟ ಮುಗಿದ ಮೇಲೆ ಸುಮಾರು ಎಂಟು ವಾರ ಹೆಚ್ಚಿನ ಡೋಸಿನಲ್ಲಿ, ಆಮೇಲೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕಡಿಮೆ ಡೋಸಿನಲ್ಲಿ ಫ್ಲುಕೊನಜೋಲ್ ನಡೆಯುತ್ತದೆ. ಹುಷಾರಾದರು ಅಂತ ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಈ ಅವಧಿಯಲ್ಲಿ ರಕ್ತದ ಆ್ಯಂಟಿಜೆನ್ ತಿಂಗಳುಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತದೆ, ಸತ್ತ ಫಂಗಸ್ಸಿನ ಹೊದಿಕೆ ನಿಧಾನಕ್ಕೆ ಕರಗುವುದರಿಂದ. ಅದನ್ನು ನೋಡಿ ಔಷಧ ಕೆಲಸ ಮಾಡಿಲ್ಲ ಅಂತ ಅಂದುಕೊಳ್ಳಬೇಡಿ. ಆದರೆ ತಲೆನೋವು ಮತ್ತೆ ಶುರುವಾದರೆ ಆಸ್ಪತ್ರೆಗೆ ಹೋಗಲೇಬೇಕು. ಆಗ ಮತ್ತೆ ನೀರು ತೆಗೆದು ಕಲ್ಚರ್ ಮಾಡುತ್ತಾರೆ. ಫಂಗಸ್ ಬೆಳೆದರೆ ಅದು ಮರುಕಳಿಸಿದ್ದು, ಬೆಳೆಯದಿದ್ದರೆ ಹೆಚ್ಚಾಗಿ ನಾನು ಮೇಲೆ ಹೇಳಿದ ಊತ. ಎರಡಕ್ಕೂ ಚಿಕಿತ್ಸೆ ಬೇರೆ.

ಇನ್ನೊಂದು ವಿಷಯವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಫ್ಲುಕೊನಜೋಲ್ ಟ್ಯಾಕ್ರೊಲಿಮಸ್ಸಿನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಹಾಗಾಗಿ ಶುರು ಮಾಡುವಾಗ ಟ್ಯಾಕ್ರೊಲಿಮಸ್ ಡೋಸ್ ಇಳಿಸಿ, ಮಟ್ಟ ನೋಡುತ್ತಾ ಹೋಗುತ್ತಾರೆ. ಇದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಕೊನೆಯಲ್ಲಿ. ಆರು ತಿಂಗಳೋ ವರ್ಷವೋ ಆದ ಮೇಲೆ ಫ್ಲುಕೊನಜೋಲ್ ನಿಲ್ಲಿಸಿದಾಗ ಟ್ಯಾಕ್ರೊಲಿಮಸ್ ಸದ್ದಿಲ್ಲದೆ ಕೆಳಗೆ ಬೀಳುತ್ತದೆ, ಕಿಡ್ನಿಗೆ ಅಪಾಯ ಆಗುವುದು ಆಗ. ನಿಲ್ಲಿಸಿದ ಮೊದಲ ವಾರದಲ್ಲೇ ಒಂದು ಸಲ, ಆಮೇಲೆ ಮಟ್ಟ ಸ್ಥಿರವಾಗುವವರೆಗೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿ, ಡೋಸ್ ಸರಿಮಾಡಿಸಿಕೊಳ್ಳಿ.